ಮುಚುಕುಂದಪುರದಿಂದ ಮದರಾಸಿಗೆ: ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು

ಶತಮಾನೋತ್ಸವದ ಈ ಸ್ಮರಣ ಸಂಚಿಕೆಗಾಗಿ ಶಾಲೆಯ ಹಳೆಯ ಕಡತಗಳನ್ನು ಬಿಚ್ಚಿ ನೋಡುತ್ತಿದ್ದಾಗ ನಮ್ಮ ಕೈಗೆ ಒಂದು ವೇಳಾಪಟ್ಟಿ ಸಿಕ್ಕಿತು. ಅಂಚು ಹರಿದು ಮಸಿ ಮಾಸಿದ ಆ ಹಾಳೆಯಲ್ಲಿ ವಾರದ ಆರು ದಿನವೂ ಅಂಗಸಾಧನೆಗೆಂದು ಒಂದೊಂದು ಅವಧಿ ಇದೆ. ಇಂದಿನ ನಮ್ಮ ವೇಳಾಪಟ್ಟಿಯಲ್ಲಿ ಅದು ವಾರಕ್ಕೆ ಎರಡಕ್ಕೆ ಇಳಿದಿದೆ. ಆ ಎರಡೂ ಮಕ್ಕಳಿಗೆ ಪೂರ್ತಿಯಾಗಿ ದಕ್ಕುತ್ತಿಲ್ಲ. ಕನ್ನಡ, ತಮಿಳು, ಇಂಗ್ಲಿಷ್ ಎಂಬ ಮೂರು ಭಾಷೆಗಳನ್ನು ಒಟ್ಟಿಗೆ ಕಲಿಯುವ ಮಕ್ಕಳು ನಮ್ಮವರು. ಹತ್ತನೆಯ ತರಗತಿಯ ಪರೀಕ್ಷೆ ಹತ್ತಿರವಾದಂತೆ ಗಣಿತಕ್ಕೋ ತಮಿಳಿಗೋ ಹೆಚ್ಚಿನ ಅವಧಿ ಬೇಕಾದಾಗ ನಾವು ಮೊದಲು ಕೈಹಾಕುವುದು ಆಟದ ಅವಧಿಗೇ. ಅಂತಹ ಬದಲಾವಣೆಗಳಿಗೆಲ್ಲ ರುಜು ಹಾಕಿದವರು ಮುಖ್ಯೋಪಾಧ್ಯಾಯಿನಿಯಾದ ನಾವೇ. ಆ ಹಳೆಯ ಹಾಳೆಯನ್ನು ಕಂಡ ದಿನ ಮನಸ್ಸಿನಲ್ಲಿ ಮೂಡಿದ ಅಳುಕೇ ಈ ಲೇಖನಕ್ಕೆ ಕಾರಣ.

ದೇಹದ ಶಿಕ್ಷಣವನ್ನು ಬುದ್ಧಿಯ ಶಿಕ್ಷಣದಿಂದಲೂ ಆತ್ಮದ ಶಿಕ್ಷಣದಿಂದಲೂ ಬೇರ್ಪಡಿಸಲು ಒಪ್ಪದೆ ನೂರು ವರ್ಷ ಬದುಕಿದ ಒಬ್ಬ ಮಹನೀಯರ ಜೀವನವೃತ್ತಾಂತವನ್ನು ಓದುಗರ ಮುಂದಿಡಬೇಕೆಂದು ನಮಗೆ ತೋರಿತು. ಅವರೇ ಯೋಗಾಚಾರ್ಯ ತಿರುಮಲೈ ಕೃಷ್ಣಮಾಚಾರ್ಯರು. ಹುಟ್ಟಿದ್ದು ಕನ್ನಡ ನಾಡಿನಲ್ಲಿ. ಬಾಳಿನ ಕೊನೆಯ ಮೂವತ್ತೇಳು ವರ್ಷಗಳನ್ನು ಕಳೆದದ್ದು ಮದರಾಸಿನಲ್ಲಿ. ಎರಡು ನಾಡುಗಳ ನಡುವೆ ಬದುಕುವ ನಮ್ಮ ಸೇಲಂ, ಧರ್ಮಪುರಿ ಸೀಮೆಯ ಕನ್ನಡಿಗರಿಗೆ ಅವರು ಎರಡು ಬಗೆಯಲ್ಲಿಯೂ ನೆಂಟರು. ಇಂದು ಜಗತ್ತಿನ ನಾನಾ ನಗರಗಳಲ್ಲಿ ಲಕ್ಷಾಂತರ ಜನರು ಮಾಡುವ ಯೋಗಾಸನಗಳ ಪದ್ಧತಿಗೆ ಆಧಾರವಾದ ಅವರ ಮೊದಲ ಗ್ರಂಥ ಕನ್ನಡದಲ್ಲಿಯೇ ರಚಿತವಾಯಿತು ಎಂಬ ಸಂಗತಿಯು ಕನ್ನಡ ಮಾಧ್ಯಮದ ಮಕ್ಕಳಿಗೆ ತಿಳಿದಿರಲೇಬೇಕು.

ಕೃಷ್ಣಮಾಚಾರ್ಯರು 1888ರ ನವೆಂಬರ್ 18ರಂದು ಅಂದಿನ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರವೆಂಬ ಹಳ್ಳಿಯಲ್ಲಿ ಜನಿಸಿದರು. ತಂದೆ ಶ್ರೀನಿವಾಸ ತಾತಾಚಾರ್ಯರು ವೇದಾಧ್ಯಾಪಕರು, ತಾಯಿ ರಂಗನಾಯಕಮ್ಮನವರು. ಶ್ರೀವೈಷ್ಣವ ಆಚಾರ್ಯರಾದ ನಾಥಮುನಿಗಳ ವಂಶ ತಮ್ಮದೆಂದು ಆ ಮನೆತನದವರು ನಂಬಿದ್ದರು. ಬಾಲಕನಿಗೆ ಅಕ್ಷರಾಭ್ಯಾಸ, ಸಂಸ್ಕೃತ ಪಾಠ, ಆಸನ ಮತ್ತು ಪ್ರಾಣಾಯಾಮಗಳ ಮೊದಲ ಪರಿಚಯ ಎಲ್ಲವೂ ತಂದೆಯಿಂದಲೇ ಆಯಿತು. ಪಾಠದ ಹೊತ್ತು ಬೇರೆ, ವ್ಯಾಯಾಮದ ಹೊತ್ತು ಬೇರೆ, ಪೂಜೆಯ ಹೊತ್ತು ಬೇರೆ ಎಂಬ ವಿಂಗಡಣೆ ಆ ಮನೆಯ ಶಿಕ್ಷಣದಲ್ಲಿ ಇರಲಿಲ್ಲವೆಂಬುದು ಗಮನಾರ್ಹ.

ಮಗನಿಗೆ ಸುಮಾರು ಹತ್ತು ವರ್ಷವಾಗಿದ್ದಾಗ ತಂದೆ ತೀರಿಕೊಂಡರು. ಕುಟುಂಬವು ಮೈಸೂರಿಗೆ ಬಂದು ನೆಲೆಸಿತು. ಅಲ್ಲಿನ ಪರಕಾಲ ಮಠದ ಪೀಠದಲ್ಲಿ ಬಂಧುಗಳೇ ಇದ್ದುದರಿಂದ ಹುಡುಗನ ವಿದ್ಯಾಭ್ಯಾಸ ಮುಂದುವರಿಯಿತು. ಹದಿನಾರರ ಹರೆಯದಲ್ಲಿ ಅವರು ತಮಿಳುನಾಡಿನ ಆಳ್ವಾರ್ ತಿರುನಗರಿಗೆ ಯಾತ್ರೆ ಹೋದರೆಂದೂ, ನಾಥಮುನಿಗಳು ಅಲ್ಲಿ ದರ್ಶನವಿತ್ತು ಲುಪ್ತವಾಗಿದ್ದ ಯೋಗರಹಸ್ಯವನ್ನು ಅನುಗ್ರಹಿಸಿದರೆಂದೂ ಅವರ ಪರಂಪರೆಯವರು ಶ್ರದ್ಧೆಯಿಂದ ಹೇಳುತ್ತಾರೆ. ಹದಿನೆಂಟರಲ್ಲಿ ಕಾಶಿಗೆ ಹೊರಟರು. ವ್ಯಾಕರಣ, ತರ್ಕ, ಮೀಮಾಂಸೆ, ವೇದಾಂತಗಳನ್ನು ಕಲಿಯಲು ಉತ್ತರ ಭಾರತದ ವಿದ್ಯಾಕೇಂದ್ರಗಳಿಗೂ ಮೈಸೂರಿಗೂ ಹಲವು ಬಾರಿ ಓಡಾಡಿದರು. ಆಯುರ್ವೇದವನ್ನೂ ಅಭ್ಯಾಸ ಮಾಡಿದರು, ವೀಣೆಯನ್ನೂ ಕಲಿತರು. ಹಣವಿಲ್ಲದ ವಿದ್ಯಾರ್ಥಿಗೆ ಆ ಕಾಲದಲ್ಲಿ ಭಿಕ್ಷಾನ್ನವೇ ಆಧಾರವಾಗಿತ್ತು.

ಶಾಸ್ತ್ರಗಳನ್ನು ಓದಿದ ಮೇಲೂ ಯೋಗವನ್ನು ಗುರುಮುಖದಿಂದ ಸಾಂಗವಾಗಿ ಕಲಿಯಬೇಕೆಂಬ ಹಂಬಲ ಅವರಿಗೆ ಉಳಿದಿತ್ತು. ಹಿಮಾಲಯದ ಆಚೆ, ಮಾನಸಸರೋವರದ ಪ್ರದೇಶದಲ್ಲಿ ರಾಮಮೋಹನ ಬ್ರಹ್ಮಚಾರಿಗಳೆಂಬ ಗುರುಗಳಿದ್ದಾರೆಂದು ತಿಳಿದು ಕಾಲ್ನಡಿಗೆಯಲ್ಲಿ ಅಲ್ಲಿಗೆ ತಲುಪಿ ಏಳು ವರ್ಷಕ್ಕೂ ಮಿಗಿಲಾಗಿ ಅವರ ಬಳಿ ಇದ್ದುದಾಗಿ ಕೃಷ್ಣಮಾಚಾರ್ಯರು ಹೇಳುತ್ತಿದ್ದರು. ಈ ಕಾಲದ ವಿವರಗಳಿಗೆ ಅವರ ಮಾತೇ ಮುಖ್ಯ ಆಧಾರ. ಪತಂಜಲಿಯ ಯೋಗಸೂತ್ರಗಳು, ಆಸನ, ಪ್ರಾಣಾಯಾಮ, ಯೋಗದಿಂದ ರೋಗಿಗಳ ಉಪಚಾರ ಇವು ಅಲ್ಲಿನ ಪಾಠಗಳು. ಕಲಿಕೆ ಮುಗಿದಾಗ ಗುರುಗಳು ಕೇಳಿದ ದಕ್ಷಿಣೆ ವಿಲಕ್ಷಣವಾದುದು. ಶಿಷ್ಯನು ಊರಿಗೆ ಹಿಂದಿರುಗಬೇಕು, ಮದುವೆಯಾಗಿ ಸಂಸಾರ ಮಾಡಬೇಕು, ಯೋಗವನ್ನು ಜನರಿಗೆ ಕಲಿಸಬೇಕು. ಷಡ್ದರ್ಶನಗಳನ್ನು ಓದಿದ ಪಂಡಿತನಿಗೆ ವಿದ್ಯಾಪೀಠಗಳಲ್ಲಿಯೂ ಮಠಗಳಲ್ಲಿಯೂ ಗೌರವದ ಸ್ಥಾನ ಕಾದಿತ್ತು. ಆಸನ ಕಲಿಸುವವನಿಗೆ ಅಂದಿನ ಸಮಾಜದಲ್ಲಿ ಮನ್ನಣೆ ಇರಲಿಲ್ಲ. ಆದರೂ ಅವರು ಗುರುವಿನ ಅಪ್ಪಣೆಯನ್ನು ಶಿರಸಾವಹಿಸಿದರು.

1920ರ ದಶಕದ ನಡುವಿನಲ್ಲಿ ಅವರು ಮೈಸೂರು ಸೀಮೆಗೆ ಮರಳಿ ನಾಮಗಿರಿಯಮ್ಮನವರನ್ನು ವಿವಾಹವಾದರು. ಬಡತನ ಬೆನ್ನು ಬಿಡಲಿಲ್ಲ. ಹೊಟ್ಟೆಪಾಡಿಗಾಗಿ ಹಾಸನ ಜಿಲ್ಲೆಯ ಕಾಫಿ ತೋಟವೊಂದರಲ್ಲಿ ಕೆಲಸಕ್ಕೆ ಸೇರಿದರು. ಹಗಲು ತೋಟದ ಮೇಲ್ವಿಚಾರಣೆ, ಬಿಡುವಾದಾಗ ಊರೂರುಗಳಲ್ಲಿ ಯೋಗದ ಉಪನ್ಯಾಸ ಮತ್ತು ಪ್ರದರ್ಶನ, ಹೀಗೆ ಕೆಲವು ವರ್ಷ ನಡೆಯಿತು. ಅವಿಭಜಿತ ಸೇಲಂ ಜಿಲ್ಲೆಯ ಈ ಮೂಲೆಯಲ್ಲಿ ನಮ್ಮ ಹಿರಿಯರು ನಾಲ್ಕು ಕಾಸು ಕೂಡಿಸಿ, ಹುಲ್ಲು ಹೊದಿಸಿದ ಕೊಠಡಿಯಲ್ಲಿ ಕನ್ನಡ ಶಾಲೆಯ ಬಾಗಿಲು ತೆರೆದದ್ದೂ ಅದೇ ದಶಕದಲ್ಲಿ. ಎರಡು ಕಡೆಯೂ ಇದ್ದ ಬಂಡವಾಳ ಅಲ್ಪ, ನಂಬಿಕೆ ದೊಡ್ಡದು.

1927ರಲ್ಲಿ ಹಾಸನದಲ್ಲಿ ಅವರು ನೀಡಿದ ಪ್ರದರ್ಶನವನ್ನು ನೋಡಿದವರಲ್ಲಿ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೊಬ್ಬನಿದ್ದನು. ಮರುದಿನವೇ ಅವನು ಆಚಾರ್ಯರ ಮನೆಗೆ ಹೋಗಿ ಶಿಷ್ಯನಾಗಲು ಬೇಡಿಕೊಂಡನು. ಮುಂದೆ ಮೈಸೂರಿನಲ್ಲಿ ನೆಲೆಸಿ ಅಷ್ಟಾಂಗ ವಿನ್ಯಾಸ ಯೋಗದ ಗುರುಗಳೆಂದು ಪ್ರಖ್ಯಾತರಾದ ಕೆ. ಪಟ್ಟಾಭಿ ಜೋಯಿಸರು ಅವರೇ. ಒಂದು ಊರಿಗೆ ಒಂದು ಸಂಜೆ ಬಂದ ಒಳ್ಳೆಯ ಉಪಾಧ್ಯಾಯರಿಂದ ಏನಾಗಬಲ್ಲದೆಂಬುದಕ್ಕೆ ಇದು ನಿದರ್ಶನ.

ಮೈಸೂರಿನ ಮಹಾರಾಜರಾದ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯ ದೊರೆತ ಮೇಲೆ ಕೃಷ್ಣಮಾಚಾರ್ಯರ ಬಾಳಿಗೆ ಹೊಸ ತಿರುವು ಬಂದಿತು. ಆ ಕಾಲವು ದೇಹಸಾಧನೆಯ ಉತ್ಸಾಹದ ಕಾಲ. ನಾಡಿನ ಗರಡಿಮನೆಗಳಲ್ಲಿ ದಂಡ, ಬಸ್ಕಿ, ಗದೆಗಳ ಸಾಮು ಎಂದಿನಂತೆ ನಡೆದಿತ್ತು. ಬೆಂಗಳೂರಿನಲ್ಲಿ ಕೆ. ವಿ. ಅಯ್ಯರ್ ಅವರು ವ್ಯಾಯಾಮಶಾಲೆಯನ್ನು ನಡೆಸಿ ಯುವಕರನ್ನು ಆಕರ್ಷಿಸುತ್ತಿದ್ದರು. ಇದೇ ಅಯ್ಯರ್ ಅವರು ಮುಂದೆ ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳನ್ನು ಬರೆದು ಕನ್ನಡ ಸಾಹಿತ್ಯದಲ್ಲಿಯೂ ಹೆಸರಾದರು. ಮಹಾರಾಷ್ಟ್ರದ ಲೋಣಾವಳಿಯಲ್ಲಿ ಸ್ವಾಮಿ ಕುವಲಯಾನಂದರು 1924ರಲ್ಲಿ ಕೈವಲ್ಯಧಾಮವನ್ನು ಸ್ಥಾಪಿಸಿ ಯೋಗವನ್ನು ವಿಜ್ಞಾನದ ಕಣ್ಣಿನಿಂದ ಪರೀಕ್ಷಿಸಲು ತೊಡಗಿದ್ದರು. ಪರಕೀಯರ ಆಳ್ವಿಕೆಯಲ್ಲಿ ಕುಗ್ಗಿದ್ದ ಜನರ ಬೆನ್ನು ನೆಟ್ಟಗಾಗಬೇಕೆಂಬ ಆಸೆ ಈ ಎಲ್ಲ ಪ್ರಯತ್ನಗಳ ಹಿಂದಿತ್ತು. ಮಹಾರಾಜರು 1931ರಲ್ಲಿ ಕೃಷ್ಣಮಾಚಾರ್ಯರನ್ನು ಸಂಸ್ಕೃತ ಪಾಠಶಾಲೆಗೆ ಅಧ್ಯಾಪಕರನ್ನಾಗಿ ಕರೆಸಿಕೊಂಡರು. 1933ರಲ್ಲಿ ಜಗನ್ಮೋಹನ ಅರಮನೆಯ ಆವರಣದಲ್ಲಿ ಯೋಗಶಾಲೆಯನ್ನು ತೆರೆಯಲು ಸ್ಥಳ ಒದಗಿಸಿದರು.

ಯೋಗಶಾಲೆಯ ವಿದ್ಯಾರ್ಥಿಗಳಲ್ಲಿ ಅರಮನೆಯ ಬಂಧುವರ್ಗದ ಹುಡುಗರೇ ಹೆಚ್ಚು. ಚುರುಕಾದ, ಒಂದೆಡೆ ಕೂರದ ಬಾಲಕರವರು. ಅಂತಹವರಿಗೆ ಕಣ್ಣು ಮುಚ್ಚಿ ಧ್ಯಾನಕ್ಕೆ ಕುಳಿತುಕೊಳ್ಳಲು ಹೇಳಿದರೆ ಫಲವೇನು? ಆಚಾರ್ಯರು ಅವರ ವಯೋಧರ್ಮವನ್ನು ಬಲ್ಲವರು. ಒಂದು ಆಸನದಿಂದ ಇನ್ನೊಂದಕ್ಕೆ ಹರಿಯುವಂತೆ ಚಲನೆಗಳನ್ನು ಪೋಣಿಸಿ, ಪ್ರತಿ ಚಲನೆಗೂ ಒಂದು ಉಸಿರನ್ನು ಕಟ್ಟಿದರು. ತೋಳು ಮೇಲೇರುವಾಗ ಪೂರಕ, ಮೈ ಬಾಗುವಾಗ ರೇಚಕ. ಈ ಜೋಡಣೆಗೆ ವಿನ್ಯಾಸವೆಂದು ಹೆಸರು. ಹೊರಗಿನಿಂದ ನೋಡುವವರಿಗೆ ಇದು ಕವಾಯತಿನಂತೆ ಕಂಡೀತು. ಒಳಗೆ ನಡೆಯುವ ಕೆಲಸವೇ ಬೇರೆ. ಉಸಿರನ್ನು ಎಣಿಸುವ ಬಾಲಕನ ಮನಸ್ಸು ಬೇರೆಲ್ಲಿಗೂ ಓಡಲಾರದು. ದೇಹವನ್ನು ದಣಿಸುವ ನೆಪದಲ್ಲಿ ಚಿತ್ತಕ್ಕೆ ಏಕಾಗ್ರತೆಯನ್ನು ಕಲಿಸಿದ ಈ ಉಪಾಯವನ್ನು ಶಿಕ್ಷಕಿಯರಾದ ನಾವು ಮೆಚ್ಚದಿರಲು ಸಾಧ್ಯವಿಲ್ಲ. ಪಾಠದಲ್ಲಿ ಗಮನವಿಲ್ಲವೆಂದು ಮಕ್ಕಳನ್ನು ದಿನವೂ ಗದರುವ ನಾವು, ಗಮನವೆಂಬುದೂ ಕಲಿಸಬೇಕಾದ ಒಂದು ವಿದ್ಯೆ ಎಂಬುದನ್ನು ಮರೆತಿರುತ್ತೇವೆ.

ಮಹಾರಾಜರ ಪ್ರೇರಣೆಯಿಂದ ಅವರು ಕನ್ನಡದಲ್ಲಿ ಬರೆದ ‘ಯೋಗ ಮಕರಂದ’ವು 1934ರಲ್ಲಿ ಪ್ರಕಟವಾಯಿತು. ಆಸನಗಳ ಕ್ರಮ, ಉಸಿರಾಟದ ನಿಯಮ, ಶುದ್ಧಿಕ್ರಿಯೆಗಳು, ನಾಡಿಗಳ ವಿಚಾರ, ಇವುಗಳೊಡನೆ ಭಾವಚಿತ್ರಗಳೂ ಅದರಲ್ಲಿವೆ. ಪುಸ್ತಕದ ಮೊದಲ ಭಾಗಗಳಲ್ಲಿಯೇ ಯಮ, ನಿಯಮಗಳ ಪ್ರಸ್ತಾಪವಿದೆ. ಅಹಿಂಸೆ, ಸತ್ಯ, ಶುಚಿತ್ವ, ಸಂತೋಷ ಮೊದಲಾದ ಗುಣಗಳನ್ನು ರೂಢಿಸಿಕೊಳ್ಳದೆ ಬರಿಯ ಆಸನಗಳನ್ನು ಮಾಡಿದವನನ್ನು ಯೋಗಿಯೆಂದು ಅವರು ಎಣಿಸಲಿಲ್ಲ. 1941ರಲ್ಲಿ ‘ಯೋಗಾಸನಗಳು’ ಎಂಬ ಇನ್ನೊಂದು ಕನ್ನಡ ಪುಸ್ತಕ ಹೊರಬಂದಿತು. ಅದರಲ್ಲಿ ಆಸನಗಳನ್ನು ಕಲಿಯುವವರ ಮಟ್ಟಕ್ಕೆ ತಕ್ಕಂತೆ ಮೂರು ಹಂತಗಳಾಗಿ ವಿಂಗಡಿಸಿದ ಪಟ್ಟಿಯಿದೆ. ಸಕಲ ಶಾಸ್ತ್ರಗಳನ್ನೂ ಸಂಸ್ಕೃತದಲ್ಲಿ ಓದಿದ ವಿದ್ವಾಂಸರು ಜನರಿಗೆ ತಿಳಿಯಬೇಕಾದ ವಿಷಯವನ್ನು ಜನರ ನುಡಿಯಲ್ಲಿ ಬರೆದರು. ಕನ್ನಡದಲ್ಲಿ ಓದಿದರೆ ಮುಂದೇನು ಎಂದು ಪ್ರತಿ ಜೂನ್ ತಿಂಗಳಲ್ಲಿ ನಮ್ಮನ್ನು ಕೇಳುವ ಪೋಷಕರಿಗೆ ನಾವು ಈ ಪುಸ್ತಕಗಳ ಉದಾಹರಣೆಯನ್ನು ಕೊಡುವುದುಂಟು.

ಯೋಗದ ಪ್ರಚಾರಕ್ಕಾಗಿ ಆಚಾರ್ಯರು ಶಿಷ್ಯರೊಡನೆ ಊರೂರು ಸುತ್ತಿದರು. ಸಭಿಕರನ್ನು ಸೆಳೆಯಲೆಂದು ಕಠಿಣ ಆಸನಗಳನ್ನು ತೋರಿಸುವುದರ ಜೊತೆಗೆ, ಹಲ್ಲಿನಿಂದ ಭಾರ ಎತ್ತುವುದು, ಕೈಯಿಂದ ಕಾರನ್ನು ತಡೆದು ನಿಲ್ಲಿಸುವುದು ಮುಂತಾದ ಸಾಹಸಗಳನ್ನೂ ಮಾಡುತ್ತಿದ್ದರು. ನಾಡಿಯ ಬಡಿತವನ್ನು ಕೈಗೆ ಸಿಗದಂತೆ ಮಾಡುವ ಅವರ ಸಾಮರ್ಥ್ಯ ಬಹಳ ಪ್ರಸಿದ್ಧವಾಗಿತ್ತು. 1935ರಲ್ಲಿ ಫ್ರಾನ್ಸಿನ ಹೃದಯತಜ್ಞೆ ಥೆರೆಸ್ ಬ್ರೋಸ್ ಅವರು ಯಂತ್ರಗಳೊಡನೆ ಭಾರತಕ್ಕೆ ಬಂದು ಅವರನ್ನು ಪರೀಕ್ಷಿಸಿದರು. ಹೃದಯವನ್ನೇ ನಿಲ್ಲಿಸುವ ಯೋಗಿ ಎಂಬ ಮಾತು ಆಗ ಹಬ್ಬಿತು. ಅದನ್ನು ನಾವು ಹಾಗೆಯೇ ಮಕ್ಕಳಿಗೆ ಹೇಳಬಾರದು. 1950ರ ದಶಕದ ಕೊನೆಯಲ್ಲಿ ವೆಂಗರ್, ಬಾಗ್ಚಿ, ಆನಂದ್ ಎಂಬ ವಿಜ್ಞಾನಿಗಳು ಇಂತಹ ಸಾಧಕರನ್ನು ಮತ್ತೆ ಪರೀಕ್ಷಿಸಿದಾಗ, ಉಸಿರು ಹಿಡಿದು ಎದೆಯ ಸ್ನಾಯುಗಳನ್ನು ಬಿಗಿದಾಗ ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗಿ ನಾಡಿ ಕ್ಷೀಣಿಸುತ್ತದೆ, ಹೃದಯದ ಕೆಲಸ ಮಾತ್ರ ನಿಲ್ಲುವುದಿಲ್ಲ ಎಂಬುದು ಸ್ಪಷ್ಟವಾಯಿತು. ಇದರಿಂದ ಆಚಾರ್ಯರ ಹಿರಿಮೆಗೆ ಕುಂದೇನೂ ಬರಲಿಲ್ಲ. ಈ ವಿದ್ಯೆಯನ್ನು ಕಲಿಸಿಕೊಡಬೇಕೆಂದು ಮುಂದೆ ಅವರ ಮಗನು ಕೇಳಿಕೊಂಡಾಗ, ಸಮಾಜಕ್ಕೆ ಇದರಿಂದ ಯಾವ ಪ್ರಯೋಜನವೂ ಇಲ್ಲವೆಂದು ಅವರು ನಿರಾಕರಿಸಿದರು. ಆ ನಿರಾಕರಣೆಯೇ ಸಾಹಸಕ್ಕಿಂತ ದೊಡ್ಡದೆಂದು ನಮ್ಮ ಭಾವನೆ.

1934ರಲ್ಲಿ ನಾಮಗಿರಿಯಮ್ಮನವರ ತಮ್ಮನೊಬ್ಬ ಮೈಸೂರಿನ ಮನೆಗೆ ಬಂದು ಸೇರಿದನು. ಕೋಲಾರ ಜಿಲ್ಲೆಯ ಬೆಳ್ಳೂರಿನವನು. ಮಲೇರಿಯಾ, ವಿಷಮಶೀತಜ್ವರ, ಕ್ಷಯಗಳಿಂದ ಸೊರಗಿ, ತೋಳುಗಳು ಕಡ್ಡಿಯಾಗಿ, ತಲೆ ಮಾತ್ರ ದೊಡ್ಡದಾಗಿ ಕಾಣುತ್ತಿದ್ದ ಹದಿಹರೆಯದ ಹುಡುಗ. ಅವನಿಂದ ಯೋಗಸಾಧನೆ ಆಗದೆಂದು ಭಾವನವರು ಮೊದಲು ಕಲಿಸಲು ಮನಸ್ಸು ಮಾಡಲಿಲ್ಲ. ಪ್ರದರ್ಶನಗಳಲ್ಲಿ ಮುಂದಾಳಾಗಿದ್ದ ಶಿಷ್ಯನು ಮನೆ ಬಿಟ್ಟು ಹೋದಾಗ ಈ ಹುಡುಗನಿಗೆ ಪಾಠ ಪ್ರಾರಂಭವಾಯಿತು. ಮೂರು ವರ್ಷಗಳೊಳಗೆ ಅವನು ಪುಣೆಗೆ ಯೋಗಶಿಕ್ಷಕನಾಗಿ ಹೋದನು. 1966ರಲ್ಲಿ ಬರೆದ ಗ್ರಂಥದಿಂದ ವಿಶ್ವವಿಖ್ಯಾತರಾದ ಬಿ. ಕೆ. ಎಸ್. ಅಯ್ಯಂಗಾರರು ಅವರೇ. ಗುರುವಿನ ಸಿಟ್ಟನ್ನೂ, ಅಂದು ತಾವು ಪಟ್ಟ ನೋವನ್ನೂ ಅಯ್ಯಂಗಾರರು ವೃದ್ಧಾಪ್ಯದಲ್ಲಿಯೂ ಮರೆತಿರಲಿಲ್ಲ. ಗುರುವಿನ ಋಣವನ್ನೂ ಮರೆಯಲಿಲ್ಲ.

ಈ ಪ್ರಸಂಗವನ್ನು ನಾವು ಮುಚ್ಚಿಟ್ಟು ಬರೆಯಬಹುದಾಗಿತ್ತು. ಸ್ಮರಣ ಸಂಚಿಕೆಗಳಲ್ಲಿ ಮಹನೀಯರನ್ನು ದೋಷರಹಿತರಾಗಿ ಚಿತ್ರಿಸುವುದು ವಾಡಿಕೆ. ಆದರೆ ಬಡಕಲು ಹುಡುಗನಿಂದ ಏನೂ ಆಗದೆಂದು ಮಹಾಗುರುಗಳಿಗೇ ತೋರಿತ್ತು ಎಂಬ ಸತ್ಯದಲ್ಲಿ ಎಲ್ಲ ಉಪಾಧ್ಯಾಯರಿಗೂ ಎಚ್ಚರಿಕೆಯಿದೆ. ಮೂವತ್ತು ವರ್ಷಗಳ ಸೇವೆಯಲ್ಲಿ ನಾವೂ ಎಷ್ಟು ಮಕ್ಕಳನ್ನು ಓಟದ ಸಾಲಿನಿಂದ ಪಕ್ಕಕ್ಕೆ ಕೂರಿಸಿದ್ದೇವೆಯೋ! ಕ್ರೀಡೋತ್ಸವದ ದಿನ ಪದಕ ತರಬಲ್ಲ ಹತ್ತು ಮಕ್ಕಳನ್ನು ಆರಿಸಿ ಉಳಿದವರಿಗೆ ಚಪ್ಪಾಳೆ ತಟ್ಟುವ ಕೆಲಸ ಕೊಡುವುದು ಎಲ್ಲ ಶಾಲೆಗಳ ರೂಢಿ. ವ್ಯಾಯಾಮ ಯಾರಿಗೆ ಹೆಚ್ಚು ಬೇಕಾಗಿತ್ತೋ ಅವರೇ ನೆರಳಿನಲ್ಲಿ ಕುಳಿತಿರುತ್ತಾರೆ.

ಸ್ತ್ರೀಯರಿಗೆ ಯೋಗಾಭ್ಯಾಸದ ಅಧಿಕಾರವುಂಟೆಂದು ಕೃಷ್ಣಮಾಚಾರ್ಯರು ಪ್ರತಿಪಾದಿಸಿದರು. 1938ರಲ್ಲಿ ಮೈಸೂರಿನಲ್ಲಿ ತೆಗೆದ ಮೂಕಚಿತ್ರವೊಂದರಲ್ಲಿ ಆಚಾರ್ಯರೊಡನೆ ಅವರ ಪತ್ನಿಯೂ ಮಕ್ಕಳೂ ಆಸನಗಳನ್ನು ಮಾಡುವ ದೃಶ್ಯಗಳಿವೆ. ಅದೇ ಸುಮಾರಿಗೆ ರೀಗಾ ನಗರದಲ್ಲಿ ಹುಟ್ಟಿದ ಯುಜೆನಿ ಪೀಟರ್ಸನ್ ಎಂಬ ಮಹಿಳೆ ಶಿಷ್ಯವೃತ್ತಿಯನ್ನು ಬಯಸಿ ಬಂದಾಗ, ಪರದೇಶದ ಹೆಂಗಸಿಗೆ ಕಲಿಸಲು ಅವರು ಮೊದಲು ಒಪ್ಪಲಿಲ್ಲ. ಮಹಾರಾಜರು ಹೇಳಿದ ಮೇಲೆ ಒಪ್ಪಿ, ಆಹಾರ ಮತ್ತು ದಿನಚರಿಯ ಕಟ್ಟುನಿಟ್ಟುಗಳನ್ನು ವಿಧಿಸಿದರು. ಆಕೆ ಅವನ್ನೆಲ್ಲ ಪಾಲಿಸಿದ್ದನ್ನು ಕಂಡು ತಾವಾಗಿಯೇ ಕಲಿಸಲು ಉತ್ಸುಕರಾದರು. ಇಂದ್ರಾ ದೇವಿ ಎಂಬ ಹೆಸರಿನಿಂದ ಆಕೆ ಶಾಂಘೈ ನಗರದಲ್ಲಿಯೂ, 1947ರಿಂದ ಅಮೆರಿಕದ ಹಾಲಿವುಡ್‌ನಲ್ಲಿಯೂ ಯೋಗವನ್ನು ಕಲಿಸಿ ನೂರೆರಡು ವರ್ಷಗಳ ತುಂಬು ಬಾಳನ್ನು ಬಾಳಿದರು. ದೊಡ್ಡವಳಾದಳೆಂಬ ಕಾರಣಕ್ಕೆ ಮಗಳನ್ನು ಆಟದ ಬಯಲಿನಿಂದ ಬಿಡಿಸುವ ತಾಯಂದಿರು ನಮ್ಮ ಸೀಮೆಯಲ್ಲಿ ಇಂದಿಗೂ ಇದ್ದಾರೆ. ಅವರು ಈ ಎರಡು ಸಂಗತಿಗಳನ್ನು ದಯವಿಟ್ಟು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

1940ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ದಿವಂಗತರಾದರು. ಸ್ವಾತಂತ್ರ್ಯಾನಂತರ ರಾಜಾಶ್ರಯದ ಕಾಲ ಮುಗಿಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ಹದಿನೇಳು ವರ್ಷ ಬೆವರು ಸುರಿಸಿ ಕಟ್ಟಿದ ಸಂಸ್ಥೆಯು ಕಣ್ಣೆದುರೇ ಇಲ್ಲವಾದಾಗ ಆಚಾರ್ಯರಿಗೆ ಅರವತ್ತು ದಾಟಿತ್ತು; ಮನೆಯಲ್ಲಿ ಮಕ್ಕಳಿನ್ನೂ ಚಿಕ್ಕವರು. ಕೈಯಲ್ಲಿ ಉದ್ಯೋಗವಿರಲಿಲ್ಲ. ವಿದ್ಯಾರ್ಥಿಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವ ಶಾಲೆಯನ್ನು ನಡೆಸುವ ನಮಗೆ ಅವರ ಬಾಳಿನ ಈ ಘಟ್ಟವೇ ಎಲ್ಲಕ್ಕಿಂತ ಹೆಚ್ಚಾಗಿ ಮನಮುಟ್ಟುತ್ತದೆ. ಸಂಸ್ಥೆ ಮುಚ್ಚಿದ ಮಾತ್ರಕ್ಕೆ ವಿದ್ಯೆ ಮುಗಿಯಲಿಲ್ಲ. ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ಮದರಾಸಿನ ಹೆಸರಾಂತ ನ್ಯಾಯವಾದಿಯೊಬ್ಬರ ಆರೈಕೆಗಾಗಿ ಆಹ್ವಾನ ಬಂದಾಗ ಅವರು 1952ರಲ್ಲಿ ಅಲ್ಲಿಗೆ ತೆರಳಿ ಅಲ್ಲಿಯೇ ನೆಲೆಸಿದರು. ವಿವೇಕಾನಂದ ಕಾಲೇಜಿನಲ್ಲಿಯೂ ಯೋಗವನ್ನು ಕಲಿಸಿದರು.

ಮದರಾಸಿನಲ್ಲಿ ಅವರ ಬೋಧನೆಯ ಸ್ವರೂಪವೇ ಬದಲಾಯಿತು. ಮೈಸೂರಿನಲ್ಲಿ ಸಾಲಾಗಿ ನಿಂತ ಹುಡುಗರಿಗೆ ಒಂದೇ ಪಾಠ ಹೇಳುತ್ತಿದ್ದವರು ಇಲ್ಲಿ ಒಬ್ಬೊಬ್ಬರನ್ನೇ ಎದುರಿಗೆ ಕೂರಿಸಿಕೊಂಡು ನಾಡಿ ಹಿಡಿದು, ವಯಸ್ಸು, ಉದ್ಯೋಗ, ಆಹಾರ, ನಿದ್ರೆ, ಮನಸ್ಸಿನ ಚಿಂತೆ ಎಲ್ಲವನ್ನೂ ವಿಚಾರಿಸಿ ಅವರವರಿಗೆ ತಕ್ಕ ಅಭ್ಯಾಸವನ್ನು ರೂಪಿಸಿದರು. ಬಾಗಲಾರದ ವೃದ್ಧರಿಗೆ ಕುಳಿತೇ ಮಾಡುವ ಚಲನೆಗಳು, ಗರ್ಭಿಣಿಯರಿಗೆ ಬೇರೆಯ ಕ್ರಮ, ದೇಹ ಒಪ್ಪದವರಿಗೆ ಉಸಿರಿನ ಅಭ್ಯಾಸ ಮಾತ್ರ. ಯೋಗಕ್ಕೆ ತಕ್ಕಂತೆ ಮನುಷ್ಯನನ್ನು ಮುರಿಯದೆ ಮನುಷ್ಯನಿಗೆ ತಕ್ಕಂತೆ ಯೋಗವನ್ನು ಹೊಂದಿಸಬೇಕೆಂಬ ವಿವೇಕ ಈ ಕಾಲದಲ್ಲಿ ಅವರಲ್ಲಿ ಮಾಗಿತು. ಸ್ವತಃ ನಿಷ್ಠಾವಂತ ವೈಷ್ಣವರಾದ ಅವರು ತಮ್ಮ ದೈವವನ್ನು ಯಾರ ಮೇಲೂ ಹೇರಲಿಲ್ಲ. ಅನ್ಯಮತೀಯರು ತಮ್ಮ ತಮ್ಮ ದೇವರನ್ನೇ ಧ್ಯಾನಿಸಬೇಕೆಂದರು, ದೇವರಲ್ಲಿ ನಂಬಿಕೆಯಿಲ್ಲದವರಿಗೂ ಕಲಿಸಿದರು.

ಅವರ ಮಗ ಟಿ. ಕೆ. ವಿ. ದೇಶಿಕಾಚಾರ್ಯರು ಎಂಜಿನಿಯರಿಂಗ್ ಪದವೀಧರರು; ತಂದೆಯ ವಿದ್ಯೆಯಲ್ಲಿ ಮೊದಲು ಆಸಕ್ತಿ ತೋರಿದವರಲ್ಲ. ಒಮ್ಮೆ ಮನೆಯ ಮುಂದೆ ಕಾರಿನಿಂದಿಳಿದ ವಿದೇಶೀ ಮಹಿಳೆಯೊಬ್ಬರು ಸಂಪ್ರದಾಯಸ್ಥರಾದ ತಂದೆಯನ್ನು ಸಂತೋಷದಿಂದ ಅಪ್ಪಿಕೊಂಡದ್ದನ್ನು ಕಂಡು ಮಗನು ಬೆರಗಾದನು. ಬಹುಕಾಲದಿಂದ ನಿದ್ರೆಯಿಲ್ಲದೆ ನರಳುತ್ತಿದ್ದ ಆಕೆ ಹಿಂದಿನ ರಾತ್ರಿ ಔಷಧಿಯಿಲ್ಲದೆ ನಿದ್ರಿಸಿದ್ದರು. ಮಗನು ಉದ್ಯೋಗದ ಯೋಚನೆಯನ್ನು ಬಿಟ್ಟು ತಂದೆಗೆ ಶಿಷ್ಯನಾದನು. 1976ರಲ್ಲಿ ಮದರಾಸಿನಲ್ಲಿ ಕೃಷ್ಣಮಾಚಾರ್ಯ ಯೋಗಮಂದಿರವನ್ನು ಸ್ಥಾಪಿಸಿದವರು ಅವರೇ.

ತೊಂಬತ್ತಾರರ ವಯಸ್ಸಿನಲ್ಲಿ ಬಿದ್ದು ಸೊಂಟದ ಮೂಳೆ ಮುರಿದಾಗ ಆಚಾರ್ಯರು ಶಸ್ತ್ರಚಿಕಿತ್ಸೆಯನ್ನು ಒಲ್ಲದೆ, ಹಾಸಿಗೆಯಲ್ಲಿಯೇ ಮಾಡಬಹುದಾದ ಅಭ್ಯಾಸವನ್ನು ತಮಗೆ ತಾವೇ ರೂಪಿಸಿಕೊಂಡರು. ಇದನ್ನು ಎಲ್ಲರೂ ಅನುಸರಿಸಬೇಕಾದ ಮಾದರಿಯೆಂದು ನಾವು ಹೇಳುತ್ತಿಲ್ಲ. ಮೂಳೆ ಮುರಿದವರು ವೈದ್ಯರ ಬಳಿಗೆ ಹೋಗಲೇಬೇಕು. ದೇಹವು ಕೈಕೊಟ್ಟ ಹೊತ್ತಿನಲ್ಲಿಯೂ ಅವರ ಉಸಿರೂ ಮನಸ್ಸೂ ಕೈಕೊಡಲಿಲ್ಲ ಎಂಬುದಷ್ಟೇ ಇಲ್ಲಿ ಮುಖ್ಯ. ನೂರನೆಯ ವರ್ಷದ ಹುಟ್ಟುಹಬ್ಬವನ್ನು ಶಿಷ್ಯರೊಡನೆ ಆಚರಿಸಿ, 1989ರ ಫೆಬ್ರವರಿ 28ರಂದು ಅವರು ಮದರಾಸಿನಲ್ಲಿ ದೇಹತ್ಯಾಗ ಮಾಡಿದರು. ವಿಶ್ವಸಂಸ್ಥೆಯ ನಿರ್ಣಯದಂತೆ 2015ರಿಂದ ಪ್ರತಿವರ್ಷ ಜೂನ್ 21ರಂದು ಯೋಗದಿನವು ಆಚರಣೆಯಾಗುತ್ತಿದೆ. ಆ ದಿನ ಶಾಲೆಯ ಬಯಲಿನಲ್ಲಿ ಕೈಯೆತ್ತಿ ನಿಲ್ಲುವ ನಮ್ಮ ಮಕ್ಕಳು ಅರಿಯದೆಯೇ ಮುಚುಕುಂದಪುರದ ಆ ಕನ್ನಡಿಗರಿಗೆ ಋಣಿಗಳು.

ಈ ಜೀವನವೃತ್ತಾಂತವನ್ನು ನಮ್ಮ ಊರಿಗೆ ತಂದು ನೋಡೋಣ. ಗುಂಡಿ ಮಗ್ಗದಲ್ಲಿ ಕಾಲಿಳಿಸಿ ದಿನವಿಡೀ ಬೆನ್ನು ಬಾಗಿಸುವ ನೇಕಾರರು, ಹೊಸೂರಿನ ಕಾರ್ಖಾನೆಗಳಲ್ಲಿ ರಾತ್ರಿಪಾಳಿ ಮಾಡಿ ಬೆಳಗ್ಗೆ ಬರುವ ತಂದೆಯರು, ಹೊಲದಲ್ಲಿ ದುಡಿಯುವ ತಾಯಂದಿರು ನಮ್ಮ ಪೋಷಕರು. ದುಡಿಮೆಯೇ ವ್ಯಾಯಾಮವಲ್ಲವೇ ಎಂದು ಅವರು ಕೇಳುವುದು ಸಹಜ. ದುಡಿಮೆಯು ಮೈಯ ಒಂದು ಭಾಗವನ್ನು ಸವೆಸುತ್ತದೆ, ವ್ಯಾಯಾಮವು ಇಡೀ ಮೈಯನ್ನು ಸಮವಾಗಿ ಪೋಷಿಸುತ್ತದೆ ಎಂದು ನಾವು ಉತ್ತರಿಸುತ್ತೇವೆ. ರಾಗಿಮುದ್ದೆ, ಹುರುಳಿಸಾರು, ಸಾಮೆ ಅನ್ನ ಉಂಡು ಬೆಳೆದ ಸೀಮೆ ಇದು. ಇಂದಿನ ಮಕ್ಕಳ ಚೀಲದಲ್ಲಿ ಪೊಟ್ಟಣದ ತಿಂಡಿ, ಕೈಯಲ್ಲಿ ಮೊಬೈಲು, ಕಣ್ಣಿನಲ್ಲಿ ನಿದ್ರೆಯ ಕೊರತೆ.

ಯೋಗವು ಎಲ್ಲಕ್ಕೂ ಮದ್ದಲ್ಲ ಎಂಬುದನ್ನೂ ಇಲ್ಲಿಯೇ ಹೇಳಬೇಕು. ಧರ್ಮಪುರಿ ಮತ್ತು ಕೃಷ್ಣಗಿರಿ ಪ್ರದೇಶದ ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚು. ಕೊಳವೆಬಾವಿಯ ನೀರು ಕುಡಿದು ಹಲ್ಲು ಕಂದಾದ, ಮೂಳೆ ಬಿಗಿದ ಜನರನ್ನು ನಾವೆಲ್ಲರೂ ಕಂಡಿದ್ದೇವೆ. ಹೊಗೆನಕಲ್ ಕುಡಿಯುವ ನೀರಿನ ಯೋಜನೆಯು ಇದರ ಪರಿಹಾರಕ್ಕೆಂದೇ ರೂಪುಗೊಂಡದ್ದು. ಶುದ್ಧ ನೀರಿಲ್ಲದ ಮಗುವಿಗೆ, ಹಸಿದ ಮಗುವಿಗೆ ಆಸನವನ್ನು ಬೋಧಿಸುವುದು ಅಣಕವಾದೀತು. 1956ರಲ್ಲಿ ಕಾಮರಾಜರು ಶಾಲಾಮಕ್ಕಳಿಗೆ ಮಧ್ಯಾಹ್ನದ ಊಟದ ಯೋಜನೆಯನ್ನು ತಂದಾಗ ಈ ಸತ್ಯವನ್ನೇ ಮನಗಂಡಿದ್ದರು. ಅನ್ನ, ನೀರು, ನಿದ್ರೆ, ಆಟ, ಉಸಿರು, ಒಳ್ಳೆಯ ನಡತೆ, ಇವಿಷ್ಟೂ ಕೂಡಿದಾಗಲೇ ಆರೋಗ್ಯ. ಆಹಾರ, ದಿನಚರಿ, ಮನಸ್ಸುಗಳನ್ನು ವಿಚಾರಿಸದೆ ಆಸನವನ್ನು ಹೇಳಿಕೊಡದ ಕೃಷ್ಣಮಾಚಾರ್ಯರ ಕ್ರಮವೂ ಇದನ್ನೇ ಸೂಚಿಸುತ್ತದೆ.

ನಮ್ಮ ಧರ್ಮಪುರಿಯು ಪ್ರಾಚೀನ ಕಾಲದಲ್ಲಿ ತಗಡೂರು. ಅದನ್ನಾಳಿದ ಅದಿಯಮಾನನು ದೀರ್ಘಾಯುಷ್ಯವನ್ನು ನೀಡುವ ಅಪೂರ್ವವಾದ ನೆಲ್ಲಿಕಾಯಿಯೊಂದನ್ನು ತಾನು ತಿನ್ನದೆ ಕವಯಿತ್ರಿ ಅವ್ವೈಯಾರಳಿಗೆ ಕೊಟ್ಟನೆಂಬ ಕಥೆಯನ್ನು ನಮ್ಮ ಮಕ್ಕಳು ತಮಿಳು ಪಾಠದಲ್ಲಿ ಓದುತ್ತಾರೆ. ತಾನೊಬ್ಬನೇ ಬಹುಕಾಲ ಬದುಕುವುದಕ್ಕಿಂತ ನಾಡಿಗೆ ಬೇಕಾದವಳು ಬದುಕಲಿ ಎಂಬುದು ಅವನ ಎಣಿಕೆ. ಹಿಮಾಲಯದಲ್ಲಿ ದೊರೆತ ವಿದ್ಯೆಯನ್ನು ಅಲ್ಲಿಯೇ ಕುಳಿತು ತಾನೊಬ್ಬನೇ ಸವಿಯದೆ, ಸಂಸಾರದ ಕಷ್ಟಗಳ ನಡುವೆ ಅರುವತ್ತು ವರ್ಷ ಹಂಚಿದ ಆಚಾರ್ಯರನ್ನು ನೆನೆದಾಗಲೆಲ್ಲ ನಮಗೆ ಆ ನೆಲ್ಲಿಕಾಯಿಯ ನೆನಪಾಗುತ್ತದೆ.

ಕೊನೆಯದಾಗಿ ಒಂದು ವಿಜ್ಞಾಪನೆ. ಸಹೋದ್ಯೋಗಿಗಳೊಡನೆ ಸಮಾಲೋಚಿಸಿ, ಬರುವ ಜೂನ್ ತಿಂಗಳಿಂದ ಪ್ರತಿದಿನದ ಮೊದಲ ಇಪ್ಪತ್ತು ನಿಮಿಷಗಳನ್ನು ಅಂಗಸಾಧನೆಗೆ ಮೀಸಲಿಡಲು ನಾವು ತೀರ್ಮಾನಿಸಿದ್ದೇವೆ. ವಾರದ ಎರಡು ಆಟದ ಅವಧಿಗಳು ಹಾಗೆಯೇ ಇರುತ್ತವೆ. ಹತ್ತನೆಯ ತರಗತಿಯಿಂದಲೂ ಅವನ್ನು ಕಿತ್ತುಕೊಳ್ಳುವುದಿಲ್ಲ. ಓಡಲಾರದ ಮಗುವಿಗೂ ಅದರಲ್ಲಿ ಸ್ಥಾನವಿರುತ್ತದೆ. ಯಾರನ್ನೂ ನೆರಳಿಗೆ ಕಳುಹಿಸುವುದಿಲ್ಲ. ಅಂಕಗಳು ಇಳಿದಾವೆಂದು ಪೋಷಕರು ಆತಂಕಪಡಬೇಡಿರಿ. ಒಂದು ವರ್ಷ ನಮ್ಮೊಡನೆ ತಾಳ್ಮೆಯಿಂದಿರಿ. ಕಟ್ಟಡಕ್ಕೆ ಸುಣ್ಣ ಬಳಿಸಲು ನೆರವಾಗುವೆವೆಂದು ಹೇಳಿರುವ ಹಳೆಯ ವಿದ್ಯಾರ್ಥಿಗಳು ಮಳೆಗಾಲದಲ್ಲಿ ಕೆಸರಾಗುವ ನಮ್ಮ ಆಟದ ಬಯಲಿಗೆ ಮೊದಲು ಕೆಮ್ಮಣ್ಣು ಹೊಡೆಸಿ ಸಮಮಾಡಿಸಿ ಕೊಡಲಿ. ನೂರು ವರ್ಷದ ಹಿಂದಿನ ಆ ವೇಳಾಪಟ್ಟಿಗೆ ನಾವು ಚೌಕಟ್ಟು ಹಾಕಿಸಿದ್ದೇವೆ. ಮುಂದಿನ ಮುಖ್ಯೋಪಾಧ್ಯಾಯರು ಯಾರೇ ಆಗಲಿ, ಆಟದ ಅವಧಿಯನ್ನು ಬದಲಾಯಿಸಲು ಲೇಖನಿ ಎತ್ತುವಾಗ ಕಣ್ಣಿಗೆ ಬೀಳುವಂತೆ ಅದು ಕಾರ್ಯಾಲಯದ ಮೇಜಿನ ಎದುರಿನ ಗೋಡೆಯ ಮೇಲೆ ಇರುತ್ತದೆ.